ಮೂರನೆಯ ಚರಣ

ನಾನು ಒಂದು ಗ್ರಾಮಫೋನ್ ತಟ್ಟೆ. ಬಿಸಿ ಅರಗಿನ ಮುದ್ದೆಯನ್ನು ಅಚ್ಚಿಗೆ ಹಾಕಿ ಒತ್ತಿದಾಗ ಹುಟ್ಟಿದೆ. ನನ್ನಲ್ಲಿರುವುದು ಒಂದು ಸಿನಿಮಾ ಹಾಡು. ಹುಡುಗ ಮದುವೆಯಾಗು ಎಂದು ಗೋಗರೆಯುತ್ತಾನೆ. ಹುಡುಗಿ ಪಲ್ಲವಿಯಲ್ಲಿ ಒಲ್ಲೆ ಎನ್ನುತ್ತಾಳೆ, ಎರಡು ಚರಣದಲ್ಲೂ ಒಲ್ಲೆ ಎನ್ನುತ್ತಾಳೆ, ಮೂರನೆಯದರಲ್ಲಿ ಒಪ್ಪುತ್ತಾಳೆ. ಸಿನಿಮಾ ಒಂದು ವಾರವೂ ಓಡಲಿಲ್ಲ. ಹಾಡು ಮಾತ್ರ ಬಾನುಲಿಯಲ್ಲಿ ಗೆದ್ದಿತು.

ಅರವತ್ತರ ದಶಕದಲ್ಲಿ ಒಂದು ಬಾನುಲಿ ಕೇಂದ್ರಕ್ಕೆ ಬಂದೆ. ತಟ್ಟೆಗಳ ಕೋಣೆ ನೋಡಿಕೊಳ್ಳುತ್ತಿದ್ದ ಶಕುಂತಲಾಬಾಯಿ ನನ್ನನ್ನು ಪೂರ್ತಿ ಕೇಳಿ ಒಬ್ಬರೇ ನಕ್ಕರು. ಉದ್ಘೋಷಕ ವಾಮನರಾಯರು ಹಿಂದಿನ ದಿನವಷ್ಟೇ ಅವರನ್ನು ಮದುವೆಯಾಗುವಿರಾ ಎಂದು ಕೇಳಿದ್ದರು. ಇವರು, "ಬುಧವಾರ ಹೇಳ್ತೀನ್ರಿ" ಎಂದಿದ್ದರು.

ಬುಧವಾರ ಕೇಳುಗರ ಕೋರಿಕೆಯ ದಿನ. ಬಾಯಿಯವರು ನನ್ನನ್ನು ಕೊನೆಯ ಹಾಡಾಗಿ ಇಟ್ಟರು. ಆದರೆ ಕಾರ್ಡು ಬರೆದ ಒಬ್ಬರ ಹೆಸರನ್ನೂ ಬಿಡಬಾರದೆಂಬುದು ರಾಯರ ವ್ರತ. ಬ್ಯಾಡಗಿಯ ಈರಣ್ಣ, ಈರಣ್ಣನ ತಂಗಿಯರು, ಗುಳೇದಗುಡ್ಡದ ಗೆಳೆಯರ ಬಳಗ... ಪ್ರತಿ ವಾರ ಅಷ್ಟೂ ಓದಿ ಮುಗಿಸುವಾಗ ದಿಲ್ಲಿಯ ವಾರ್ತೆಗೆ ಒಂದೂವರೆ ನಿಮಿಷ ಉಳಿದಿರುತ್ತಿತ್ತು. ಎರಡನೆಯ "ಒಲ್ಲೆ"ಗೇ ನನ್ನ ಕತ್ತು ಹಿಸುಕುತ್ತಿದ್ದರು.

ಆರು ತಿಂಗಳು ಇದೇ ಪಾಡು. ಸೀಮೆಯ ಜನರೆಲ್ಲ ಆ ಹುಡುಗಿಯನ್ನು ಕಲ್ಲೆದೆಯವಳೆಂದು ಬೈದರು. ಹುಡುಗನಿಗೆ ಸಮಾಧಾನ ಹೇಳಿ ಕಾರ್ಡು ಬರೆದವರೂ ಉಂಟು. ರಾಯರು ಅವರ ಹೆಸರುಗಳನ್ನೂ ಓದಿದರು.

"ನೀವು ಜವಾಬೇ ಕೊಡ್ಲಿಲ್ಲ," ಎಂದರು ಒಂದು ದಿನ, ಮುಖ ಬಾಡಿಸಿಕೊಂಡು.

"ವಾರಾ ವಾರಾ ಕೊಡ್ಲಿಕ್ಕತ್ತೀನ್ರಿ. ನಿಮಗ ಕೇಳ್ಲಿಕ್ಕೆ ಪುರಸೊತ್ತಿಲ್ಲ."

ರಾಯರಿಗೆ ತಲೆಬುಡ ತಿಳಿಯಲಿಲ್ಲ. ದೂರದ ಊರಿಗೆ ವರ್ಗ ಕೇಳಿ ಅರ್ಜಿ ಬರೆದರು. ನನಗೆ ಸಿಟ್ಟೇ ಬಂತು.

ಮುಂದಿನ ಬುಧವಾರ ಬಾಯಿಯವರು ನನ್ನ ಹಾಡಿಗೆ ಬಂದ ಕಾರ್ಡುಗಳ ಕಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನನ್ನ ಜೊತೆ ಒಂದೇ ಒಂದು ಕಾರ್ಡು ಕಳಿಸಿದರು. ರಾಯರು ರೂಢಿಯಂತೆ ಗಂಟಲು ಸರಿಮಾಡಿಕೊಂಡು ಓದಿದರು: "ಈ ಹಾಡನ್ನು ಕೋರಿದವರು, ತಟ್ಟೆಗಳ ಕೋಣೆಯಿಂದ, ಶಕುಂತಲಾ..."

ಮುಂದೆ ಓದಲು ಹೆಸರಿಲ್ಲ. ದಿಲ್ಲಿಗೆ ಇನ್ನೂ ನಾಲ್ಕು ನಿಮಿಷವಿತ್ತು. ಮೈಕಿನ ಮುಂದೆ ಸುಮ್ಮನಿರುವಂತಿಲ್ಲ. ರಾಯರು ಮುಳ್ಳು ಇಳಿಸಿದರು. ಬಾನುಲಿಯಲ್ಲಿ ಮೊದಲ ಸಲ ನಾನು ಕಡೆಯವರೆಗೂ ಹಾಡಿದೆ. ಮೂರನೆಯ ಚರಣಕ್ಕೆ ರಾಯರು ಎದ್ದು ನಿಂತರು. ವಾರ್ತೆ ಶುರುವಾದರೂ ಕೂತಿರಲಿಲ್ಲ.

ಈಗ ನನ್ನ ಅಂಚು ಬಿರುಕು ಬಿಟ್ಟಿದೆ. ಕೇಂದ್ರದವರು ಗುಜರಿಗೆ ಹಾಕಲು ಹೊರಟಾಗ ಬಾಯಿಯವರು ಕೇಳಿಕೊಂಡು ಮನೆಗೆ ತಂದರು. ಅವರಿಬ್ಬರ ಪಡಸಾಲೆಯ ಗೂಡಿನಲ್ಲಿ ಸುಖವಾಗಿದ್ದೇನೆ. ಹಾಡುವುದು ಯಾರಿಗೂ ಬಂದೀತು. ಪೂರ್ತಿ ಕೇಳುವವರು ಸಿಗುವುದು ಪುಣ್ಯ. ರಾಯರು ಇಂದಿಗೂ ಮಾತಿಗೆ ಕೂತರೆ ಏಳುವುದಿಲ್ಲ. ಸಾಕಾಗಿ ಹೋದಾಗ ಬಾಯಿಯವರು ನನ್ನ ಕಡೆ ನೋಡಿ ಹೇಳುತ್ತಾರೆ:

"ಅವತ್ತ ಇನ್ನೊಂದು ಹತ್ತು ಕಾರ್ಡು ಕೊಟ್ಟಿದ್ದರ ಪಾರಾಗ್ತಿದ್ದೆ."

ಅದೊಂದೇ ಮಾತಿಗೆ ರಾಯರು ಎದುರಾಡುವುದಿಲ್ಲ. ನಗುತ್ತ ಕೂತಿರುತ್ತಾರೆ.