ಗರಗಸದ ಇನ್ನೊಂದು ತುದಿ

ಇಪ್ಪತ್ತೆರಡು ವರ್ಷ ಗಂಡ ಹೆಂಡತಿ ಇಬ್ಬರೇ ಎದುರುಬದುರು ನಿಂತು ಉದ್ದನೆಯ ಗರಗಸ ಎಳೆದು ದಿಮ್ಮಿ ಕೊಯ್ದಿದ್ದರು. ಗಂಡನ ಎಳೆತ ಒರಟು. ಅಲಗು ಮರದಲ್ಲಿ ಕಚ್ಚಿಕೊಂಡಾಗಲೆಲ್ಲ ಅವಳೇ ಮೈ ಬಗ್ಗಿಸಿ ಸರಿದೂಗಿಸುತ್ತಿದ್ದಳು. ಜನ್ಮಜನ್ಮದ ಜೋಡಿ ಎಂದರೆ ಇದೇ ಇರಬೇಕು ಎಂದುಕೊಂಡಿದ್ದಳು.

ಗಂಡನಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅವನ ಜಾಗಕ್ಕೆ ಹೆಂಡತಿ ಸತ್ತ ಬಡಗಿಯೊಬ್ಬ ಬಂದ. ಮೊದಲ ದಿನವೇ ಗರಗಸ ಒಮ್ಮೆಯೂ ಕಚ್ಚಲಿಲ್ಲ. ಅವಳು ಬಿಟ್ಟ ಉಸಿರನ್ನು ಅವನು ಎಳೆದುಕೊಂಡಂತೆ ಅಲಗು ಹೋಗಿ ಬಂತು. ಜೋಡಿ ಎಂದರೆ ಯಾವುದೆಂದು ಅವಳ ಜೀವಕ್ಕೆ ಗೊತ್ತಾಯಿತು, ಗೊತ್ತಾಗಿ ಭಯವಾಯಿತು.

ಗೋಡೆಯಾಚೆ ಮಲಗಿದ್ದ ಗಂಡ ಊಟದ ಹೊತ್ತಿಗೆ ಕೇಳಿದ: "ಏನೇ, ಗರಗಸಕ್ಕೆ ಬೆಣ್ಣೆ ಹಚ್ಚಿದ್ರಾ?"

"ಹಲ್ಲಿಗೆ ಅರ ಹಾಕ್ಸಿ ಚೂಪು ಮಾಡ್ಸಿದ್ದೆ ಕಣ್ರೀ."

"ಅರ ಹಾಕಿದ ಸದ್ದು ನಂಗೆ ಗೊತ್ತಿಲ್ವಾ? ನನ್ನ ಜೊತೆ ಒಂದಿನಾನೂ ಹೀಗೆ ಓಡ್ಲಿಲ್ಲ ಅದು." ತುತ್ತು ನುಂಗದೆ ಮುಖ ತಿರುಗಿಸಿದ.

ಮಾರನೆಯ ಬೆಳಿಗ್ಗೆ ಅವಳು ಬೇಕೆಂದೇ ಮಣಿಕಟ್ಟು ತಿರುಚಿದಳು. ಅಲಗು ಕಿರುಗುಟ್ಟಿ ಕಚ್ಚಿಕೊಂಡಿತು.

"ಯಾಕಮ್ಮಾ, ಕೈ ನೋವಾ?" ಎಂದ ಬಡಗಿ.

ಅವಳು ಗೋಡೆಯ ಕಡೆ ನೋಡಿ ಮತ್ತೆ ತಿರುಚಿದಳು. ಅವನಿಗೆ ಅರ್ಥವಾಯಿತು. ಅವನೂ ತಪ್ಪಾಗಿ ಎಳೆಯತೊಡಗಿದ. ಆ ತಪ್ಪಿನಲ್ಲೂ ಇಬ್ಬರ ಲಯ ಒಂದೇ ಆಗಿತ್ತು.

ಒಳಗಿನಿಂದ ಗಂಡ ಕೂಗಿದ: "ಸಾಕು ನಿಲ್ಸೇ! ನನಗೋಸ್ಕರ ಮರ ಹಾಳು ಮಾಡ್ಬೇಡ."

ಬಡಗಿ ಹಿಡಿ ಬಿಟ್ಟು, ಟವೆಲು ಹೆಗಲಿಗೆ ಹಾಕಿಕೊಂಡು, ತಿರುಗಿ ನೋಡದೆ ಹೊರಟುಹೋದ. ಅಲಗು ದಿಮ್ಮಿಯ ನಡುವೆ ಸಿಕ್ಕಿಕೊಂಡಿತ್ತು. ಅವಳು ತನ್ನ ತುದಿ ಹಿಡಿದು ಎಳೆದಳು. ಒಬ್ಬಳಿಂದ ಅದು ಅಲುಗಾಡಲಿಲ್ಲ.