ತಿಪ್ಪಮ್ಮ ಬಿಡಿಸಿದ ಜಡೆ

ರೇವಣ್ಣ ಹಿತ್ತಲ ಬಾಗಿಲನ್ನು ಕಿತ್ತು ಅಂಗಳಕ್ಕೆ ತಂದಾಗ ಎದುರು ಕಟ್ಟೆಯ ಮೇಲೆ ಕೂತಿದ್ದವರು ಮಾತು ನಿಲ್ಲಿಸಿದರು. ಅತ್ತೆ ತಿಪ್ಪಮ್ಮನ ಚಟ್ಟಕ್ಕೆ ಬಿದಿರು ಕೇಳಿಕೊಂಡು ಅವನು ಬೆಳಗಿನಿಂದ ಕೇರಿಯೆಲ್ಲ ತಿರುಗಿದ್ದ. ಯಾರೂ ಕೊಟ್ಟಿರಲಿಲ್ಲ. ಅವನ ಹೆಂಡತಿ ಕಾಟಮ್ಮ ಬಾಗಿಲ ಮೇಲೆ ಹುಲ್ಲು ಹರಡಿ, ತಾಯಿಯ ಹಳೆಯ ಸೀರೆ ಹಾಸಿದಳು.

ಜಗಳೂರಿನ ಆಚೆಯ ಆ ಊರಿನಲ್ಲಿ ತಿಪ್ಪಮ್ಮನಿಗೆ ಬಹಿಷ್ಕಾರ ಬಿದ್ದು ಹತ್ತು ವರ್ಷದ ಮೇಲಾಗಿತ್ತು. ಆದರೂ ಜನ ಸೇರಿದ್ದರು. ಅಳುವುದಕ್ಕಲ್ಲ, ಹೆಣ ಹೇಗೆ ಹೋಗುತ್ತದೆ ಎಂದು ನೋಡುವುದಕ್ಕೆ. ಹುಲಿಗೆಮ್ಮ ಎಂಬಾಕೆ ಕೇಳಿಸುವಂತೆಯೇ ಅಂದಳು: "ಊರಮ್ಮನಿಗೆ ಕೊಡದೆ ಉಳಿಸ್ಕೊಂಡ ಮಗಳು ಅವಳೆ ಅಲ್ವಾ, ಅವಳೇ ಹೊರಲಿ."

ಕುಲದ ಹಿರಿಯ ಉಚ್ಚಂಗೆಪ್ಪ, ತಿಪ್ಪಮ್ಮನ ಗಂಡನ ಅಣ್ಣ, ಕೋಲೂರಿಕೊಂಡು ಕಟ್ಟೆಯಿಂದ ಇಳಿದು ಬಂದ.

*

ಕಾಟಮ್ಮನಿಗೆ ಒಂಬತ್ತು ತುಂಬಿದ ವರ್ಷ, ಬಹಳ ದಿನ ಜ್ವರದಲ್ಲಿ ಮಲಗಿದ್ದು ಎದ್ದಾಗ ಅವಳ ಕೂದಲು ಗಂಟುಗಟ್ಟಿ ಜಡೆಯಾಗಿತ್ತು. ಊರಮ್ಮ ಹುಡುಗಿಯನ್ನು ಕೇಳುತ್ತಿದ್ದಾಳೆ ಎಂದರು ಹಿರಿಯರು. ತಂದೆಯಿಲ್ಲದ ಹುಡುಗಿ. ಬರುವ ಹುಣ್ಣಿಮೆಗೆ ಮುತ್ತು ಕಟ್ಟುವುದೆಂದು ಉಚ್ಚಂಗೆಪ್ಪನೇ ಗೊತ್ತುಮಾಡಿದ. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ದೊಡ್ಡವಳಾದ ಮೇಲೆ ದೇವರ ಹೆಸರಿನಲ್ಲಿ ಅವಳು ಊರ ಗಂಡಸರ ಪಾಲು. ಹಾಗೆ ದೇವರಿಗೆ ಬಿಟ್ಟಿದ್ದವಳು ದುರುಗಕ್ಕ. ತಿಪ್ಪಮ್ಮನನ್ನು ಒಪ್ಪಿಸಲು ಅವಳನ್ನೇ ಕಳಿಸಿದರು.

ದುರುಗಕ್ಕ ಬಂದಾಗ ತಿಪ್ಪಮ್ಮ ಮಗಳನ್ನು ಮುಂದೆ ಕೂರಿಸಿಕೊಂಡು, ತಲೆಗೆ ಔಡಲೆಣ್ಣೆ ಸುರಿದು, ದಬ್ಬಳದ ತುದಿಯಿಂದ ಜಡೆಯನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದಳು. ಕತ್ತರಿಸಿದ್ದರೆ ಒಂದು ಗಳಿಗೆಯ ಕೆಲಸ. ಊರಮ್ಮ ಕೊಟ್ಟ ಕೂದಲನ್ನು ಕತ್ತರಿಸುವುದು ಅವಳಿಗೆ ಪಾಪ. ಒಂದೊಂದು ಎಳೆ ಬಿಟ್ಟಾಗಲೂ ಊರಮ್ಮನ ಹೆಸರನ್ನೇ ಹೇಳುತ್ತಿದ್ದಳು. ದುರುಗಕ್ಕ ತನಗೆ ಹೇಳಿಕೊಟ್ಟ ಮಾತನ್ನು ಆಡಲಿಲ್ಲ. ನೋಡುತ್ತ ಕೂತಿದ್ದು ಎದ್ದು ಹೋದಳು. ಮರುದಿನ ಒಂದು ಕುಡಿಕೆ ಎಣ್ಣೆ ತಂದು ಹೊಸ್ತಿಲಲ್ಲಿಟ್ಟಳು.

ಸುದ್ದಿ ತಿಳಿದು ಉಚ್ಚಂಗೆಪ್ಪ ಬಂದು ಬಾಗಿಲಲ್ಲಿ ನಿಂತ. ಅದು ಅಮ್ಮ ಬಂದು ಕೂತ ಜಡೆ, ಕೈ ಹಚ್ಚಬೇಡ ಎಂದ.

"ಅಮ್ಮ ಕೂತಿದ್ರೆ ನನ್ನ ಕೈ ಹಿಡೀಲಿ, ಭಾವ," ಎಂದಳು ತಿಪ್ಪಮ್ಮ, ತಲೆ ಎತ್ತದೆ. "ಆಕೆ ಬ್ಯಾಡ ಅಂದ್ರೆ ನಿಲ್ಲಿಸ್ತೀನಿ. ನೀವು ಅಂದ್ರೆ ನಿಲ್ಸಲ್ಲ."

ಹುಣ್ಣಿಮೆಗೆ ಮುಂಚೆ ಬಾಚಣಿಗೆ ನೆತ್ತಿಯಿಂದ ತುದಿಯವರೆಗೆ ತಡೆಯಿಲ್ಲದೆ ಇಳಿಯಿತು. ತಿಪ್ಪಮ್ಮ ಮಗಳಿಗೆ ಹೂ ಮುಡಿಸಿ ಗುಡಿಗೆ ಕರೆದೊಯ್ದು ಕೈ ಮುಗಿಸಿದಳು.

ಆ ಬೇಸಿಗೆಯಲ್ಲಿ ವಾಂತಿಭೇದಿ ಬಂತು. ಉಚ್ಚಂಗೆಪ್ಪನ ಒಬ್ಬನೇ ಮಗ ತೀರಿಕೊಂಡ. ಅಮ್ಮನ ಮುನಿಸಿಗೆ ತಿಪ್ಪಮ್ಮನೇ ಕಾರಣವೆಂದು ಕೂಟ ಸೇರಿ ಅವಳನ್ನು ಹೊರಗಿಟ್ಟರು. ಅವಳು ಮಂಗಳವಾರ ಎಡೆ ತಗೊಂಡು ಹೋದರೆ ಪೂಜಾರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಹೊರಗಿನ ಕಲ್ಲಿನ ಮೇಲೆ ಎಡೆಯಿಟ್ಟು ಬರುತ್ತಿದ್ದಳು. ಒಂದು ಸಲ ಯಾರೋ ಕಲ್ಲೆಸೆದರು. ಹಣೆಗೆ ಬಟ್ಟೆ ಕಟ್ಟಿಕೊಂಡು ಮುಂದಿನ ವಾರವೂ ಹೋದಳು.

ಯಾಕೆ ಹೋಗುತ್ತೀಯೆಂದು ಕಾಟಮ್ಮ ಅಳುತ್ತ ಕೇಳಿದ್ದಳು.

"ತಳ್ಳಿದ್ದು ಜನ ಕಣವ್ವ. ಅಮ್ಮ ತಳ್ಳಿಲ್ಲ."

ಹಾಗೆನ್ನುವಾಗ ತಾಯಿಯ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ. ತಾನಾಗಿದ್ದರೆ ಆ ಗುಡಿಯ ಕಡೆ ತಲೆ ಹಾಕುತ್ತಿರಲಿಲ್ಲ ಎಂದು ಕಾಟಮ್ಮನಿಗೆ ಗೊತ್ತಿತ್ತು. ಮುಂದೆ ಚನ್ನಗಿರಿ ಕಡೆಯ ನಲ್ಲೂರಿಗೆ ಸೊಸೆಯಾಗಿ ಹೋದ ಮೇಲೂ, ಕಷ್ಟ ಬಂದಾಗೆಲ್ಲ ಅವಳಿಗೆ ಕಣ್ಮುಂದೆ ಬರುತ್ತಿದ್ದದ್ದು ಹಣೆಗೆ ಬಟ್ಟೆ ಕಟ್ಟಿಕೊಂಡು ಎಡೆ ಹಿಡಿದು ಹೊರಟ ಆ ಹೆಂಗಸು.

*

"ಗುಡಿ ಮುಂದೆ ಅಡ್ಡಬಿದ್ದು, ನಮ್ಮವ್ವ ಮಾಡಿದ್ದು ತಪ್ಪು ಅನ್ನು," ಎಂದ ಉಚ್ಚಂಗೆಪ್ಪ. "ಈಗಲೇ ನಾಲ್ಕು ಜನ ಹೆಗಲು ಕೊಡ್ತಾರೆ."

"ಅದು ತಪ್ಪಾದ್ರೆ ನನ್ನ ಬದುಕೇ ತಪ್ಪಾಗ್ತೈತೆ, ದೊಡ್ಡಪ್ಪ."

"ನನ್ನ ಮಗ ಸತ್ತಿದ್ದು?" ಅವನು ಕೋಲನ್ನು ನೆಲಕ್ಕೆ ಕುಟ್ಟಿದ.

ಕಾಟಮ್ಮ ಅವನ ಕಡೆ ತಿರುಗಿದಳು. "ಅವನ ಹೆಸರು ಹೇಳದೆ ನಮ್ಮವ್ವ ಒಂದು ಮಂಗಳವಾರಾನೂ ಕೈ ಮುಗಿದಿಲ್ಲ."

ಉಚ್ಚಂಗೆಪ್ಪ ನೆಲಕ್ಕೆ ಉಗಿದು ಹಿಂದಿರುಗಿದ. ಹೆಗಲು ಕೊಟ್ಟವರ ಮನೆಗೂ ಇದೇ ಗತಿ ಎಂದು ಕಟ್ಟೆಯವರಿಗೆಲ್ಲ ಕೇಳುವಂತೆ ಹೇಳಿದ.

ಆಗ ಕೇರಿಯ ಕೊನೆಯಿಂದ ದುರುಗಕ್ಕ ಬಂದಳು. ತಲೆ ನೆರೆತಿತ್ತು, ಕೊರಳಲ್ಲಿ ಇನ್ನೂ ಮುತ್ತಿತ್ತು. ಜೊತೆಗೆ ಮಗಳು ಸಾವಂತ್ರಮ್ಮ. ಹೆಂಗಸರು ಹೆಣ ಹೊರುವುದುಂಟೇ ಎಂದು ಯಾರೋ ಗದರಿದರು. "ಗಂಡಸರು ಬರ್ರಿ ಹಂಗಾದ್ರೆ," ಎಂದಳು ದುರುಗಕ್ಕ. ಯಾರೂ ಏಳಲಿಲ್ಲ.

ಮುಂದಿನ ಮೂಲೆಗಳಿಗೆ ಗಂಡ ಹೆಂಡತಿ, ಹಿಂದಿನ ಮೂಲೆಗಳಿಗೆ ತಾಯಿ ಮಗಳು ಹೆಗಲು ಕೊಟ್ಟರು. ದಾರಿಯುದ್ದಕ್ಕೂ ಬಾಗಿಲುಗಳು ಮುಚ್ಚಿಕೊಂಡವು. ನಸುಕಿನಲ್ಲಿ ರೇವಣ್ಣ ಒಬ್ಬನೇ ತೋಡಿದ್ದ ಗುಂಡಿಗೆ ತಿಪ್ಪಮ್ಮನನ್ನು ಇಳಿಸಿ, ನಾಲ್ವರೂ ಕೈಯಿಂದಲೇ ಮಣ್ಣೆಳೆದರು.

ಹೆಣ ಹೊತ್ತವರು ಮೀಯುವ ಬಾವಿಗೆ ಬಂದರೆ ರಾಟೆಯಲ್ಲಿ ಹಗ್ಗವಿರಲಿಲ್ಲ. ಯಾರೋ ಬಿಚ್ಚಿಕೊಂಡು ಹೋಗಿದ್ದರು. ದೂರದಲ್ಲಿ ಬೇವಿನ ಮರದಡಿ ಕೆಲವರು ನಿಂತು ನೋಡುತ್ತಿದ್ದರು. ರೇವಣ್ಣ ತಲೆಯ ರುಮಾಲು ಬಿಚ್ಚಿ, ತುದಿಗೆ ತಂಬಿಗೆ ಕಟ್ಟಿ ಕೆಳಗೆ ಬಿಟ್ಟ.

ಮೇಲೆ ಬಂದ ಮೊದಲ ನೀರನ್ನು ಅವನು ಹೆಂಡತಿಗೆ ಕೊಟ್ಟ. ಕಾಟಮ್ಮ ದುರುಗಕ್ಕನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ, ಎದುರು ಕುಕ್ಕರಗಾಲಲ್ಲಿ ಕೂತು, ಮಣ್ಣು ಮೆತ್ತಿದ ಅವಳ ಪಾದಗಳ ಮೇಲೆ ಆ ನೀರನ್ನು ನಿಧಾನವಾಗಿ ಸುರಿದಳು.