ಇಲ್ಲದ ಕ್ಲಚ್ಚಿನ ಮೇಲೆ

ಎಡಗಾಲು, ಮತ್ತೆ ಒತ್ತುತ್ತಿದೆ ಅಪ್ಪನ ಎಡಗಾಲು, ಪಕ್ಕದ ಸೀಟಿನ ಮುಂದೆ ಯಾವ ಪೆಡಲೂ ಇಲ್ಲ, ಆದರೂ ರಸ್ತೆಯಲ್ಲಿ ಹಂಪು ಕಂಡ ಕೂಡಲೇ ಆ ಕಂದು ಬೂಟು ರಬ್ಬರ್ ಮ್ಯಾಟಿನ ಮೇಲೆ ಮೆಲ್ಲಗೆ ಇಳಿಯುತ್ತದೆ, ಹಿಮ್ಮಡಿ ಊರಿ, ಮುಂಗಾಲು ಚಾಚಿ, ಕಾರು ಓಡಿಸುತ್ತಿರುವ ಮಗಳು ಒದಿಲಿಯಾ ಕ್ಲಚ್ ಒತ್ತುವುದಕ್ಕಿಂತ ಒಂದು ಉಸಿರು ಮೊದಲೇ — ಅದನ್ನು ನೋಡಬಾರದು, ರಸ್ತೆ ನೋಡಬೇಕು, ನಾಲ್ಕರಿಂದ ಮೂರಕ್ಕೆ, ಬಿಡುವಾಗ ನಿಧಾನ, ಹಾಂ, ಹಿಂಬದಿಯ ಇಂಜಿನ್ನು ಗುರ್ರೆಂದು ಇಡೀ ಕಾರನ್ನು ಬೆನ್ನಿನಿಂದ ಹಿಡಿದೆಳೆಯಿತು, ಕುವಾತೆಪೆಕ್ ಬೆಟ್ಟದ ಇಳಿಜಾರಿಗೆ ಇಷ್ಟು ಒಗ್ಗಿದ ವೋಚೊ ಇನ್ನೊಂದಿಲ್ಲ, ಆಮೆಬೆನ್ನಿನ ಈ ಮುದಿ ಕಾರು ಟ್ಯಾಕ್ಸಿಯಾಗಿ ದುಡಿದು ಅವಳನ್ನೂ ತಮ್ಮ ಆದಾನನನ್ನೂ ಸಾಕಿತು, ಇನ್ನು ಸ್ವಲ್ಪ ಹೊತ್ತಿಗೆ ಬೇರೆಯವರದು — ಮೂರರಲ್ಲೇ ಇರಲಿ ಮಗಳೇ, ಇಂಜಿನ್ ಹಿಡ್ಕೊಳ್ಳುತ್ತೆ, ಬ್ರೇಕಿನ ತಲೆ ಮೇಲೇ ಎಲ್ಲಾ ಯಾಕೆ ಹೇರ್ತೀಯಾ, ಎನ್ನುತ್ತಾನೆ ಅಪ್ಪ, ಹಿಂದಿನ ಮಿನಿಬಸ್ಸಿಗೆ ಈ ನಿಧಾನ ಹಿಡಿಸದೆ ತಾಳ ಹಾಕಿ ಹಾರ್ನ್ ಹೊಡೆಯುತ್ತದೆ, ಆ ತಾಳಕ್ಕೆ ಇಲ್ಲಿ ಒಂದೇ ಅರ್ಥ, ನಿನ್ನ ತಾಯಿ ಹಾಳಾಗ, ಅಪ್ಪ ತಿರುಗಿಯೂ ನೋಡುವುದಿಲ್ಲ, ನಮ್ಮವ್ವ ಸತ್ತು ಯಾವ ಕಾಲ ಆಯ್ತು, ಬೈಕೊಳ್ಳಲಿ, ಅವಳಿಗೇನು ಕೇಳ್ಸುತ್ತಾ, ನಗು ಬರಬೇಕಿತ್ತು, ಅವಳು ಕನ್ನಡಿಯಲ್ಲಿ ಮಿನಿಬಸ್ಸನ್ನು ನೋಡಿದಳು. ಮುಂದಿನ ಹಂಪಿನಲ್ಲಿ ಅಪ್ಪನಿಗೆ ಹೇಳುತ್ತೇನೆ. ಹಂಪು ಬಂತು, ಮುಂದಿನ ಚಕ್ರ ಏರಿತು, ಇಳಿಯಿತು, ಹಿಂದಿನ ಚಕ್ರ ಏರಿತು, ಇಳಿಯಿತು, ಹೇಳಲಿಲ್ಲ, ಇನ್ನೂ ಹಂಪುಗಳಿವೆ, ಈ ಬೆಟ್ಟದಲ್ಲಿ ಮನೆಗೊಂದು ಹಂಪು, ಅಪ್ಪ ತಲೆಯೆತ್ತಿ ಆಕಾಶದ ತಂತಿಯಲ್ಲಿ ತೂಗಿ ಹೋಗುವ ರೋಪ್‌ವೇ ಡಬ್ಬಿಗಳನ್ನು ನೋಡುತ್ತಿದ್ದಾನೆ, ಅದ್ರಲ್ಲಿ ಡ್ರೈವರೇ ಇಲ್ವಲ್ಲೇ, ಜನ ಬೈಯೋದು ಯಾರನ್ನ.

ಕ್ಲಚ್ಚಿನ ಕೇಬಲ್ ಸಡಿಲಾಗಿದೆ, ಗ್ಯಾರೇಜಿನಲ್ಲಿ ಬಿಗಿ ಮಾಡಿಸಿಕೊಂಡು ಬರೋಣ ಅಂತ ಬೆಳಿಗ್ಗೆ ಹೇಳಿದ್ದಳು, ಸುಳ್ಳು, ಕೇಬಲ್ಲಿಗೆ ಏನೂ ಆಗಿಲ್ಲ, ಅಪ್ಪ ಒಂದು ಕ್ಷಣ ಅವಳ ಮುಖ ನೋಡಿ, ಹೌದು, ನಂಗೂ ಹಂಗೇ ಅನ್ಸಿತ್ತು, ಎಂದು ಬೂಟಿಗೆ ಪಾಲಿಶ್ ಹಾಕಲು ಕುಳಿತ, ಹಾಗೆ ಒಪ್ಪಿಬಿಟ್ಟನಲ್ಲ, ಆ ಕಾಲಿಗೆ ಕೇಬಲ್ಲು ಬಿಗಿಯೋ ಸಡಿಲೋ ಗೊತ್ತಾಗದೆ ಇರುತ್ತದೆಯೇ — ಅಪ್ಪ ಈಗ ಕುಳಿತ ಜಾಗದಲ್ಲಿ ಟ್ಯಾಕ್ಸಿಯ ದಿನಗಳಲ್ಲಿ ಸೀಟೇ ಇರಲಿಲ್ಲ, ಗಿರಾಕಿಗಳು ಹಿಂದಕ್ಕೆ ನುಸುಳಲೆಂದು ಕಿತ್ತು ಹಾಕಿದ್ದ, ಬಾಗಿಲಿಗೊಂದು ಹಗ್ಗ, ಕೂತಲ್ಲಿಂದಲೇ ಎಳೆದು ಮುಚ್ಚುತ್ತಿದ್ದ, ಸ್ಕೂಲಿಲ್ಲದ ದಿನ ಆ ಖಾಲಿಯಲ್ಲಿ ಹಣ್ಣಿನ ಪೆಟ್ಟಿಗೆ ಬೋರಲು ಹಾಕಿ ಅವಳು ಕೂರುತ್ತಿದ್ದಳು, ಪೆಟ್ರೋಲು, ಬಿಸಿ ರಬ್ಬರು, ಅಪ್ಪನ ಅಂಗಿಯ ಸೋಪು, ಕಣ್ಣು ಮುಚ್ಕೋ, ಈಗ ಯಾವ ಗೇರು ಹೇಳು, ಎರಡು, ಸರಿ, ಈಗ, ಮೂರು, ಅಲ್ಲ ಕಣೆ, ನಿನ್ನ ಕಿವಿಯಲ್ಲಿ ತಮಾಲೆ ಕಡುಬು ತುರುಕಿದ್ದಾರಾ, ಕಾರು ಚೆನ್ನಾಗಿ ನಿಲ್ಸೋನೇ ಡ್ರೈವರು, ಓಡ್ಸೋದು ಕತ್ತೆಗೂ ಬರುತ್ತೆ, ಗೇರು ಒಂದೊಂದೇ ಇಳಿಸು, ಕ್ಲಚ್ಚು ಕೊನೆಗೆ, ನಿಂತ ಮೇಲೆ ಇಳಿಜಾರಲ್ಲಿ ಒಂದನೇ ಗೇರಿಗೆ ಹಾಕಿ ಬಿಡು, ಹ್ಯಾಂಡ್ ಬ್ರೇಕನ್ನ ಮಾತ್ರ ನಂಬಬೇಡ, ಅದು ಹೇಳೋದು ಒಂದು ಮಾಡೋದು ಒಂದು. ಒಂದನೇ ಗೇರಿಗೆ ಹಾಕಿ ಬಿಡು. ಅಷ್ಟೇ. ಅಷ್ಟು ಸಣ್ಣದು. ಅಪ್ಪನ ಮಾತ್ರೆ ತರಲು ಹೋಗಿ ಮರಳಿದ್ದಳು ಅವತ್ತು, ಫೋನು ಕಿವಿಗೂ ಹೆಗಲಿಗೂ ನಡುವೆ, ಕೆಲಸದ ಕಡೆಯವರ ಕಿರಿಕಿರಿ, ಹ್ಯಾಂಡ್ ಬ್ರೇಕ್ ಎಳೆದಳು, ಇಳಿದಳು, ಗೇರು ನ್ಯೂಟ್ರಲ್ಲಿನಲ್ಲೇ ಉಳಿಯಿತು, ಮಧ್ಯಾಹ್ನ ಬೀದಿಯಲ್ಲಿ ಯಾರೋ ಕಿರುಚಿದರು, ಓಡಿ ಬರುವಷ್ಟರಲ್ಲಿ ವೋಚೊ ತಾನೇ ಉರುಳಿ ಹೋಗಿ ಬೀದಿಯ ಕೆಳಗೆ ತಮಾಲೆ ಮಾರುವ ದೋನ್ಯಾ ಚೊಲೆಯ ಗಾಡಿಗೆ ಗುದ್ದಿ ನಿಂತಿತ್ತು, ತಮಾಲೆ ಬೇಯುವ ಹಂಡೆ ಮಗುಚಿ ಮುದುಕಿಯ ಕಾಲ ಮೇಲೆ ಕುದಿನೀರು, ಬೀದಿ ತುಂಬ ಜೋಳದ ಸಿಪ್ಪೆಯ ಹಬೆ, ಕಾರನ್ನ ಕೊನೆಗೆ ಮುಟ್ಟಿದ್ದು ಯಾರು ಎಂದು ಆದಾನ್ ಕೇಳಿದ, ಎಲ್ಲರೂ ಅಪ್ಪನ ಕಡೆಗೆ ತಿರುಗಿದರು, ಬೆಳಿಗ್ಗೆ ಇಂಜಿನ್ ಬಿಸಿ ಮಾಡಲು ಕೂರುವವನು ಅವನೇ, ವಾರದ ಹಿಂದೆ ಒಲೆ ಆರಿಸಲು ಮರೆತವನೂ ಅವನೇ, ಅಪ್ಪ ಕಾರಿನ ಬಾಗಿಲು ತೆರೆದು ಬಗ್ಗಿ ಗೇರಿನ ಕೋಲಿನ ಮೇಲೆ ಕೈಯಿಟ್ಟ, ಅದು ಹಲ್ಲು ಸಡಿಲಾದಂತೆ ಅತ್ತಿತ್ತ ಆಡಿತು, ತಲೆಯೆತ್ತಿ ಅವಳನ್ನು ನೋಡಿದ, ಆಮೇಲೆ ಆದಾನನಿಗೆ ಹೇಳಿದ, ನಾನೇ ಇರಬೇಕು. ಕೀಲಿ ಅವಳ ಜೇಬಿನಲ್ಲಿತ್ತು.

ಮೂರು, ಇಳಿಜಾರು ಮುಗಿಯುತ್ತಾ ಬಂತು, ಹೇಳಿದರೆ ಏನಾಗುತ್ತದೆ, ಕಾರು ಉಳಿಯುತ್ತದೆ, ಅಪ್ಪ ನಾಳೆ ಬೆಳಿಗ್ಗೆ ಅದರಲ್ಲಿ ಕೂತು ಇಂಜಿನ್ ಬಿಸಿ ಮಾಡುತ್ತಾನೆ, ಬೀದಿಯ ಜನ ಅವನನ್ನು ಕಂಡು ಮಕ್ಕಳನ್ನು ಹತ್ತಿರ ಎಳೆದುಕೊಳ್ಳುವುದು ನಿಲ್ಲುತ್ತದೆ, ದೋನ್ಯಾ ಚೊಲೆ ಬ್ಯಾಂಡೇಜು ಸುತ್ತಿದ ಕಾಲು ಚಾಚಿಕೊಂಡು ಅವಳಿಗೆ, ಪಾಪ ನಿಮ್ಮಪ್ಪನ್ನ ಬೈಬೇಡಮ್ಮ, ವಯಸ್ಸಾಯ್ತು, ಎಂದಿದ್ದಳು, ತಲೆಯಾಡಿಸಿ ಬಂದಳಲ್ಲ, ತಲೆಯಾಡಿಸಿದ್ದು ಈ ತಲೆಯೇ, ಹೇಗೂ ಒಂದು ದಿನ ಅವನು ಬಿಡಲೇಬೇಕಿತ್ತು, ಕಣ್ಣು ಮಂಜು, ಮರೆವು, ಕಾರು ಮಾರಿಬಿಡೋಣ ಎಂದು ಆದಾನ್ ಹೇಳುವುದರಲ್ಲಿ ತಪ್ಪೇನು, ತಪ್ಪಿಲ್ಲ, ತಪ್ಪಿಲ್ಲದ್ದನ್ನು ಇಷ್ಟು ಸಲ ಹೇಳಿಕೊಳ್ಳಬೇಕೇ — ಎಡಗಾಲು ಇಳಿಯಿತು, ಹಂಪು, ಅವಳೂ ಒತ್ತಿದಳು, ಎರಡಕ್ಕೆ, ಎರಡು ಕಾಲೂ ಒಟ್ಟಿಗೆ ಮೇಲೆದ್ದವು, ಕಾರು ಒಂದಿಷ್ಟೂ ಜರ್ಕು ಹೊಡೆಯಲಿಲ್ಲ, ಚೆನ್ನಾಗಿತ್ತು, ಎನ್ನುತ್ತಾನೆ ಅಪ್ಪ, ಬೆಣ್ಣೆ ಇದ್ದಂಗೆ, ಈಗಲೇ, ಈಗ ಹೇಳು, ಅಪ್ಪಾ ಅವತ್ತು — ಅಪ್ಪಾ, ಎಂದಳು, ಏನೇ, ಏನಿಲ್ಲ, ಕಿಟಕಿ ಮುಚ್ಚಲಾ, ಬೇಡ ಬಿಡು, ಗಾಳಿ ಬರಲಿ. ನೀಲಿ ಗೇಟು ಕಂಡಿತು, ಅದರ ಮುಂದೆ ಇವಾನ್ ಎಂಬ ಹುಡುಗ ಕೈಯೆತ್ತುತ್ತಿದ್ದಾನೆ, ಮದುವೆಗಳಿಗೆ ಹಳೆಯ ಕಾರು ಬಾಡಿಗೆಗೆ ಕೊಡುವವನು, ಕೆನೆಬಣ್ಣ ಬಳಿದು ರಿಬ್ಬನ್ನು ಕಟ್ಟುತ್ತೇನೆ ಎಂದಿದ್ದ, ಗ್ಯಾರೇಜಲ್ಲ ಇದು, ಸ್ಪ್ಯಾನರಿಲ್ಲ, ಎಣ್ಣೆಯ ಕಲೆಯಿಲ್ಲ, ಅಪ್ಪ ನೋಡುತ್ತಿದ್ದಾನೆ, ಏನೂ ಕೇಳುವುದಿಲ್ಲ, ಯಾಕೆ ಕೇಳುವುದಿಲ್ಲ, ಕಾಲು ಆಕ್ಸಿಲರೇಟರಿನಿಂದ ಎದ್ದಿತು, ಎರಡರಲ್ಲೇ ಇಂಜಿನ್ನು ಕಾರನ್ನು ಹಿಡಿದು ತಡೆಯುತ್ತಿದೆ, ನಿಧಾನ, ಇನ್ನೂ ನಿಧಾನ, ಬ್ರೇಕು ಸುಮ್ಮನೆ ಮುಟ್ಟಿದಷ್ಟು, ಗೇಟಿನ ಎದುರು ರಸ್ತೆ ಇನ್ನೂ ಸ್ವಲ್ಪ ವಾಲಿದೆ, ಇಂಜಿನ್ನು ನಡುಗುವ ಮೊದಲು ಕ್ಲಚ್ಚು, ನಿಂತಿತು, ಯಾವಾಗ ನಿಂತಿತೆಂದು ಗೊತ್ತೇ ಆಗದ ಹಾಗೆ, ಅವನು ಕಲಿಸಿದ ಹಾಗೆ, ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಕೀಲಿ ತಿರುಗಿಸಿದಳು, ಇಂಜಿನ್ನು ಒಮ್ಮೆ ಕೆಮ್ಮಿ ಸುಮ್ಮನಾಯಿತು, ಇವಾನ್ ನಗುತ್ತಾ ಬರುತ್ತಿದ್ದಾನೆ, ಕೈ ಬಾಗಿಲಿನ ಹಿಡಿಯ ಮೇಲೆ — ಒಂದನೇ ಗೇರಿಗೆ ಹಾಕು ಮಗಳೇ, ಎನ್ನುತ್ತಾನೆ ಅಪ್ಪ, ಗಾಜಿನಾಚೆ ನೋಡುತ್ತಲೇ, ಮೆತ್ತಗೆ, ಈ ಸಲ ಮರೀಬೇಡ.

ಈ ಸಲ, ಎಂದ, ಈ ಸಲ, ಹಾಗಾದರೆ ಅವತ್ತು ಆ ಸಡಿಲ ಕೋಲಿನ ಮೇಲೆ ಕೈಯಿಟ್ಟು ತಲೆಯೆತ್ತಿದಾಗಲೇ, ನಾನೇ ಇರಬೇಕು ಎನ್ನುವಾಗಲೇ, ಬೆಳಿಗ್ಗೆ ಕೇಬಲ್ಲು ಸಡಿಲ ಎಂದು ಒಪ್ಪುವಾಗಲೇ, ಅಪ್ಪಾ, ನಿನಗೆ ಗೊತ್ತಿತ್ತು, ಇವಾನ್ ಗಾಜಿಗೆ ಬೆರಳು ಬಡಿಯುತ್ತಿದ್ದಾನೆ, ಅವಳ ಕೈ ಗೇರಿನ ಮೇಲೆ ಹಾಗೇ ನಿಂತಿದೆ, ಇಂಜಿನ್ನು ಆರಿದೆ, ಚಕ್ರ ನಿಂತಿದೆ, ಅಪ್ಪನ ಎಡಗಾಲು ಮಾತ್ರ, ಹಿಮ್ಮಡಿ ಊರಿ, ಮುಂಗಾಲು ಚಾಚಿ, ಏನೂ ಇಲ್ಲದ ಕಡೆ, ಅವಳು ಗೇರು ಹಾಕಲೆಂದು, ಒತ್ತಿ ಹಿಡಿದೇ ಇದೆ.